ಫಾರ್ಮಿನಲ್ಲಿ ಕನ್ನಡ ಅಂತ ಬರೆಯಿರಿ



ಕಾಲೇಜುಗಳಲ್ಲಿ ಈಗ ಒಂದು ಮಾತು ಜೋರಾಗಿ ಓಡಾಡ್ತಿದೆ. ಎರಡು ವಾರ ಜಪಾನ್, ಎರಡು ತಿಂಗಳು ಜರ್ಮನಿ, ಮೂರು ತಿಂಗಳು ಕೆನಡಾ. ಡಿಗ್ರಿ ಇಲ್ಲೇ, ನಮ್ಮ ಕಾಲೇಜಿನಲ್ಲೇ. ನಡುವೆ ಸ್ವಲ್ಪ ದಿನ ಹೊರದೇಶಕ್ಕೆ ಹೋಗಿ ಕಲಿತು ಬರೋದು. ತೇನಿ, ಕಂಬಂ, ದಿಂಡಿಗಲ್ ಕಡೆಯ ನಮ್ಮ ಹುಡುಗ ಹುಡುಗಿಯರೂ ಕೇಳೋಕೆ ಶುರು ಮಾಡಿದ್ದಾರೆ: "ಅಣ್ಣಾ, ಇದಕ್ಕೆ ಅರ್ಜಿ ಹಾಕಬಹುದಾ? ನಮ್ಮಂಥವರನ್ನ ತಗೋತಾರಾ?"

ಹಾಕಿ. ಖಂಡಿತ ಹಾಕಿ. ಆದರೆ ಅದಕ್ಕೂ ಮೊದಲು ಆ ಫಾರ್ಮಿನ ಒಂದು ಕಾಲಮ್ ಬಗ್ಗೆ ನಾವು ಮಾತಾಡಬೇಕು.

ಇಂಥ ಅರ್ಜಿಗಳಲ್ಲಿ ತಾಯಿನುಡಿ ಯಾವುದು ಅಂತ ಕೇಳ್ತಾರೆ. ಅದರ ಕೆಳಗೆ ಗೊತ್ತಿರುವ ಭಾಷೆಗಳು. ಪ್ರತಿ ಭಾಷೆಯ ಮುಂದೆ ಮೂರು ಚೌಕ ಇರುತ್ತೆ: ಮಾತು, ಓದು, ಬರಹ. ನಮ್ಮ ಬಳಗದ ಒಬ್ಬ ತಂಗಿ ಫಾರ್ಮ್ ತುಂಬುವಾಗ ನಾವು ಪಕ್ಕದಲ್ಲೇ ಕೂತಿದ್ದೆವು. ಅರ್ಧದಲ್ಲಿ ಅವಳಿಗೆ ಮನೆಯಿಂದ ಫೋನ್ ಬಂತು. ಅವ್ವನ ಜೊತೆ ಹತ್ತು ನಿಮಿಷ ಕನ್ನಡದಲ್ಲೇ ಮಾತಾಡಿದಳು. ತೋಟದ ಮೋಟರ್ ಕೆಟ್ಟಿದ್ದು, ಹಸು ಮೇವು ಬಿಟ್ಟಿದ್ದು, ತಮ್ಮನ ಜ್ವರ, ಎಲ್ಲಾ. ಫೋನ್ ಇಟ್ಟು ಫಾರ್ಮಿಗೆ ವಾಪಸ್ ಬಂದು ತಾಯಿನುಡಿ ಅನ್ನೋ ಕಡೆ 'ತಮಿಳು' ಅಂತ ಟೈಪ್ ಮಾಡಿದಳು. ಗೊತ್ತಿರುವ ಭಾಷೆ: ತಮಿಳು, ಇಂಗ್ಲಿಷ್. ಮುಗೀತು.

"ಈಗ ಮಾತಾಡಿದ್ದು ಯಾವ ಭಾಷೆ ತಂಗೀ?" ಅಂತ ಕೇಳಿದೆವು.

"ಕನ್ನಡ ಓದೋಕೆ ಬರಲ್ವಲ್ಲಾ ಅಣ್ಣಾ. ಅದನ್ನ ಭಾಷೆ ಅಂತ ಹೇಗೆ ಹಾಕೋದು?"

ಈ ಪೋಸ್ಟ್ ಬರೆಯೋಕೆ ಆ ಪ್ರಶ್ನೆಯೇ ಕಾರಣ.

ಕಾಸರಗೋಡು, ಅಕ್ಕಲಕೋಟೆ, ತಾಳವಾಡಿ ಕಡೆಯ ಓದುಗರಿಗೆ ನಮ್ಮ ಊರು ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. ನಮ್ಮದೂ ಗಡಿಯೇ, ಆದರೆ ಕರ್ನಾಟಕದ ಗಡಿ ಅಲ್ಲ. ಬೆಟ್ಟ ಹತ್ತಿದರೆ ಕೇರಳದ ಇಡುಕ್ಕಿ. ನಮ್ಮಲ್ಲೂ ಒಂದು ಗೂಡಲೂರು ಇದೆ, ನೀಲಗಿರಿಯ ಗೂಡಲೂರಲ್ಲ. ಕಂಬಂ ಕಣಿವೆಯ ಒಕ್ಕಲಿಗ ಕಾಪಿಲಿಯರು, ಮದುರೆ ದಿಂಡಿಗಲ್ ಕಡೆಯ ಅನುಪ್ಪರು, ಮಗ್ಗ ನಂಬಿ ಬಂದ ದೇವಾಂಗರು, ಹೀಗೆ ತಲೆತಲಾಂತರದಿಂದ ಮನೆಯೊಳಗೆ ಕನ್ನಡ ಉಳಿಸಿಕೊಂಡು ಬಂದವರು ಇಲ್ಲಿದ್ದಾರೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಪುಸ್ತಕದಲ್ಲೇ ಕಾಪಿಲಿಯರನ್ನೂ ಅನುಪ್ಪರನ್ನೂ ಮದುರಾ ಜಿಲ್ಲೆಯ ಕನ್ನಡ ಮಾತಿನ ಒಕ್ಕಲು ಮಕ್ಕಳು ಅಂತ ದಾಖಲಿಸಿದ್ದಾರೆ. ಆಗ ತೇನಿಯೂ ದಿಂಡಿಗಲ್ಲೂ ಮದುರಾ ಜಿಲ್ಲೆಯೊಳಗೇ ಇದ್ದವು. ಪೊಂಗಲ್ ಸಮಯದಲ್ಲಿ ಕಂಬಂನ ನಂದಗೋಪಾಲನ್ ತಂಬಿರಾನ್ ದನದ ತೊಳುವಿಗೆ ಬಂದು ನೋಡಿ, ಹಳ್ಳಿಹಳ್ಳಿಯ ನಮ್ಮ ಜನ ಅಲ್ಲಿ ಸೇರುತ್ತಾರೆ.

ಶಾಲೆ ತಮಿಳಿನದು, ಅಂಗಡಿ ತಮಿಳಿನದು, ಗೆಳೆತನ ತಮಿಳಿನದು. ಅದಕ್ಕೆ ನಮ್ಮ ದೂರು ಇಲ್ಲ. ತಮಿಳು ನಮಗೆ ಅನ್ನ ಕೊಟ್ಟ ಭಾಷೆ, ಓದು ಕೊಟ್ಟ ಭಾಷೆ. ದೂರು ಇರೋದು ನಮ್ಮ ಮೇಲೆಯೇ. ಅಕ್ಷರ ಬರಲ್ಲ ಅನ್ನೋ ಒಂದೇ ಕಾರಣಕ್ಕೆ ಅವ್ವನ ಮಾತನ್ನ ಭಾಷೆಯ ಪಟ್ಟಿಯಿಂದಲೇ ತೆಗೆದುಹಾಕುವ ಅಭ್ಯಾಸ ನಮಗೆ ಬಂದುಬಿಟ್ಟಿದೆ.

ಈಗ ಇದನ್ನೇ ತಿರುಗಿಸಿ ನೋಡೋಣ. ಹೊರದೇಶದಲ್ಲಿ ಸ್ವಲ್ಪ ದಿನದ ಓದು ಅನ್ನೋದು ನಮ್ಮ ಸೀಮೆಗೆ ಹೊಸದಲ್ಲ. ಬರೋದು ಮಾತ್ರ ಆ ಕಡೆಯಿಂದ ಇತ್ತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ 'ಕಾಲೇಜ್ ಇಯರ್ ಇನ್ ಇಂಡಿಯಾ' ಕಾರ್ಯಕ್ರಮದಲ್ಲಿ ಡಿಗ್ರಿ ಹುಡುಗರು ಮದುರೆಗೆ ಬಂದು ತಮಿಳು ಕಲಿತು, ತಾವೇ ಒಂದು ವಿಷಯ ಹಿಡಿದು ಊರೂರು ಸುತ್ತಿ ಅಧ್ಯಯನ ಮಾಡಿ ಹೋಗುತ್ತಿದ್ದರು. 'ಸೌತ್ ಇಂಡಿಯಾ ಟರ್ಮ್ ಅಬ್ರಾಡ್' ಅನ್ನೋ ಇನ್ನೊಂದು ಕಾರ್ಯಕ್ರಮದಲ್ಲಿ ಅಲ್ಲಿನ ಹಲವು ಕಾಲೇಜುಗಳು ಸೇರಿ ಮದುರೆಗೆ ವಿದ್ಯಾರ್ಥಿಗಳನ್ನ ಕಳಿಸಿದವು. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಸಂಸ್ಥೆ ತಮಿಳು ಕಲಿಸೋದು ಮದುರೆಯಲ್ಲಿ, ಕನ್ನಡ ಕಲಿಸೋದು ಮೈಸೂರಿನಲ್ಲಿ.

ಒಂದು ಕ್ಷಣ ಯೋಚಿಸಿ. ಕನ್ನಡದ ಒಂದು ಪದವೂ ಕಿವಿಗೆ ಬೀಳದೆ ಬೆಳೆದ ಹುಡುಗಿ ಸಾವಿರಾರು ಮೈಲಿ ಹಾರಿ ಮೈಸೂರಿಗೆ ಬರ್ತಾಳೆ. ಒಂದು ಬೇಸಿಗೆಯಲ್ಲಿ ಅ ಆ ಇ ಈ ತಿದ್ದಿ, ತಪ್ಪೋ ಒಪ್ಪೋ ನಾಲ್ಕು ಸಾಲು ಬರೆದು, ವಾಪಸ್ ಹೋಗಿ ತನ್ನ ಬಯೋಡೇಟಾದಲ್ಲಿ 'ಕನ್ನಡ' ಅಂತ ಹೆಮ್ಮೆಯಿಂದ ಹಾಕ್ಕೋತಾಳೆ. ಹುಟ್ಟಿದಾಗಿನಿಂದ ಕನ್ನಡದಲ್ಲೇ ಅತ್ತು ನಕ್ಕ ಕಂಬಂ ಹುಡುಗಿ ಮಾತ್ರ ಅದನ್ನ ಬಿಟ್ಟುಬಿಡ್ತಾಳೆ. ಈ ಇಬ್ಬರಲ್ಲಿ ಕನ್ನಡ ಯಾರಿಗೆ ಗೊತ್ತು?

ಎ.ಕೆ. ರಾಮಾನುಜನ್ ಅವರನ್ನ ನೆನಪು ಮಾಡ್ಕೊಳ್ಳಿ. ಮೈಸೂರಿನಲ್ಲಿ ಹುಟ್ಟಿದವರು. ಮನೆಯಲ್ಲಿ ಅಮ್ಮನ ಜೊತೆ ತಮಿಳು, ಬೀದಿಯಲ್ಲಿ ಕನ್ನಡ, ಅಪ್ಪನ ಓದುಕೋಣೆಯಲ್ಲಿ ಇಂಗ್ಲಿಷ್. ನಮ್ಮ ಸ್ಥಿತಿಯ ತಿರುಗುಮುರುಗು ಚಿತ್ರ ಅದು. ನಮಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಅವರು 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಭಾಷಾವಿಜ್ಞಾನ ಓದೋಕೆ ಹೋದರು. ಹೋಗುವಾಗ ಮನೆಮಾತನ್ನ ಮನೆಯಲ್ಲೇ ಬಿಟ್ಟು ಹೋಗಲಿಲ್ಲ. ಸಂಗಂ ಕಾಲದ ತಮಿಳು ಕವಿತೆಗಳನ್ನ 1967ರಲ್ಲಿ, ಕನ್ನಡದ ವಚನಗಳನ್ನ 1973ರಲ್ಲಿ ಇಂಗ್ಲಿಷಿಗೆ ತಂದರು. ಅವರಿಗೆ ದೂರದ ದೇಶದಲ್ಲಿ ಹೆಸರು ಬಂದದ್ದು ಮನೆಯ ಭಾಷೆ, ಬೀದಿಯ ಭಾಷೆ ಎರಡನ್ನೂ ಹೊತ್ತುಕೊಂಡು ಹೋಗಿದ್ದರಿಂದ.

ನಾವೆಲ್ಲ ರಾಮಾನುಜನ್ ಆಗಬೇಕಿಲ್ಲ. ಅರ್ಜಿಯ ಜೊತೆ ಬರೆಯೋ ಒಂದು ಪುಟ ಸರಿಯಾಗಿ ಬರೆದರೆ ಸಾಕು. ನೀನು ಯಾರು, ಯಾಕೆ ಬರ್ತೀಯ, ಇಲ್ಲಿನವರಿಗೆ ಏನು ತರ್ತೀಯ ಅಂತ ಅದರಲ್ಲಿ ಕೇಳ್ತಾರೆ. ನಮ್ಮವರು ಏನು ಬರೀತಾರೆ? ಗೂಗಲ್‌ನಲ್ಲಿ ಸಿಕ್ಕಿದ್ದು. ನನಗೆ ಕಲಿಯುವ ಆಸಕ್ತಿ ತುಂಬಾ ಇದೆ, ನಿಮ್ಮ ವಿಶ್ವವಿದ್ಯಾಲಯ ಜಗತ್ಪ್ರಸಿದ್ಧ, ಇತ್ಯಾದಿ. ಅದೇ ಪುಟ ಇನ್ನೂ ಸಾವಿರ ಜನ ಕಳಿಸಿರ್ತಾರೆ.

ನಿಮ್ಮ ಹತ್ರ ಬೇರೆ ಯಾರ ಹತ್ರಾನೂ ಇಲ್ಲದ ಕಥೆ ಇದೆ. 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಕಟ್ಟಿ ಪಡುವಣಕ್ಕೆ ಹರಿಯೋ ನೀರನ್ನ ಬೆಟ್ಟ ಕೊರೆದು ಮೂಡಣಕ್ಕೆ ತಿರುಗಿಸಿದ ಮೇಲೆ ಹಸಿರಾದ ಕಣಿವೆ ನಿಮ್ಮದು. 2023ರಲ್ಲಿ ಭೌಗೋಳಿಕ ಗುರುತು ಪಡೆದ ಪನ್ನೀರ್ ದ್ರಾಕ್ಷಿ ಬೆಳೆಯೋ ಊರು ನಿಮ್ಮದು. ದಿನಾ ಬೆಳಗಿನ ಜಾವ ಜೀಪು ಹತ್ತಿ ಗಡಿ ದಾಟಿ ಕೇರಳದ ಏಲಕ್ಕಿ ತೋಟಕ್ಕೆ ಹೋಗಿ ಸಂಜೆ ತಿರುಗಿ ಬರೋ ಅಕ್ಕಂದಿರು ನಿಮ್ಮ ಬೀದಿಯವರು. ಅಕ್ಷರದ ಆಸರೆ ಇಲ್ಲದೆ ಬರೀ ಬಾಯಿಂದ ಕಿವಿಗೆ ದಾಟಿ ಉಳಿದ ಭಾಷೆ ನಿಮ್ಮ ಮನೆಯದು. ನೀರಾವರಿ ಓದೋ ಹುಡುಗನಿಗೆ, ಕೃಷಿ ಓದೋ ಹುಡುಗಿಗೆ, ಕಂಪ್ಯೂಟರ್‌ಗೆ ಮಾತು ಕಲಿಸೋ ವಿದ್ಯೆ ಓದೋರಿಗೆ, ಇದಕ್ಕಿಂತ ಒಳ್ಳೆ ಪುಟ ಎಲ್ಲಿ ಸಿಗುತ್ತೆ?

ಫಾರ್ಮಿನಲ್ಲಿ ಸುಳ್ಳೂ ಬೇಡ. ಕನ್ನಡದ ಮುಂದೆ 'ಮಾತು' ಅನ್ನೋ ಚೌಕಕ್ಕೆ ಮಾತ್ರ ಟಿಕ್ ಹಾಕಿ, ಓದು ಬರಹ ಖಾಲಿ ಬಿಡಿ. ಆ ಮೂರು ಚೌಕ ಬೇರೆ ಬೇರೆ ಇಟ್ಟಿರೋದೇ ಅದಕ್ಕೆ. ಮಾತು ಬರುತ್ತೆ, ಅಕ್ಷರ ಬರಲ್ಲ ಅನ್ನೋ ಜನ ಪ್ರಪಂಚದ ತುಂಬಾ ಇದ್ದಾರೆ. ಯಾರೂ ಅವರನ್ನ ಭಾಷೆ ಇಲ್ಲದವರು ಅನ್ನಲ್ಲ.

ಇನ್ನು ಯಾವ ಬಾಗಿಲು ಇದೆ ಅಂತ ನೋಡೋಣ. ಮೊದಲನೇದು, ಖರ್ಚು ಅವರೇ ಕೊಡೋದು. ಕೆನಡಾದ ಮಿಟಾಕ್ಸ್ ಗ್ಲೋಬಲಿಂಕ್‌ನಲ್ಲಿ 12 ವಾರದ ಸಂಶೋಧನಾ ಇಂಟರ್ನ್‌ಶಿಪ್ ಇದೆ, ಭಾರತದ ಡಿಗ್ರಿ ವಿದ್ಯಾರ್ಥಿಗಳೂ ಹೋಗ್ತಾರೆ. ಜರ್ಮನಿಯ ಡಾಡ್ ಸಂಸ್ಥೆಯ 'ವೈಸ್' ಎರಡು ಮೂರು ತಿಂಗಳದು, ವಿಜ್ಞಾನ, ಇಂಜಿನಿಯರಿಂಗ್ ಓದೋರಿಗೆ. ಆದರೆ ಆಯ್ದ ವಿದ್ಯಾಸಂಸ್ಥೆಗಳವರಿಗೆ ಮಾತ್ರ, ಮೊದಲು ನಿಮ್ಮ ಕಾಲೇಜು ಪಟ್ಟಿಯಲ್ಲಿದೆಯಾ ನೋಡಿ. ಜಪಾನಿನ ಸಕುರಾ ಸೈನ್ಸ್ ಕಾರ್ಯಕ್ರಮ 2014ರಿಂದ ನಡೀತಿದೆ, ಒಂದರಿಂದ ಮೂರು ವಾರದ್ದು. ತಮಿಳುನಾಡು ಸರ್ಕಾರದ 'ನಾನ್ ಮುದಲ್ವನ್' ಯೋಜನೆ 2022ರಲ್ಲಿ ಶುರುವಾಯ್ತು. ಅದರಡಿ 2024ರ ಜೂನ್‌ನಲ್ಲಿ 25 ವಿದ್ಯಾರ್ಥಿಗಳು ಒಂದು ವಾರದ ತರಬೇತಿಗೆ ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಕ್ಕೆ ಹೋಗಿಬಂದರು. ಆ ಯೋಜನೆಯ ಪೋರ್ಟಲ್‌ನಲ್ಲಿ ನಿಮ್ಮ ಹೆಸರು ಇದೆಯಾ? ಕಾಲೇಜಿನಲ್ಲಿ ಇವತ್ತೇ ವಿಚಾರಿಸಿ.

ಎರಡನೇದು, ಕಾಲೇಜು ಕಾಲೇಜಿನ ನಡುವಿನ ಒಪ್ಪಂದ. ಕೆಲವದರಲ್ಲಿ ಫೀಸು ಇಲ್ಲಿ ಕಟ್ಟಿದರೆ ಸಾಕು, ಅಲ್ಲಿ ಊಟ ವಸತಿ ಮಾತ್ರ ನಿಮ್ಮದು. ಕೇಳಬೇಕಾದ ಪ್ರಶ್ನೆ ಒಂದೇ: "ಅಲ್ಲಿ ಓದಿದ್ದು ನನ್ನ ಅಂಕಪಟ್ಟಿಗೆ ಸೇರುತ್ತಾ?" ಯುಜಿಸಿಯ 2022ರ ನಿಯಮದಲ್ಲಿ ಟ್ವಿನ್ನಿಂಗ್ ಅನ್ನೋ ವ್ಯವಸ್ಥೆ ಇದೆ, ಅದರಲ್ಲಿ ಶೇ 30ರವರೆಗಿನ ಕ್ರೆಡಿಟ್ ಹೊರದೇಶದಲ್ಲಿ ಪಡೆಯಬಹುದು. ನಿಮ್ಮ ಕಾಲೇಜಿಗೆ ಅಂಥ ಒಪ್ಪಂದ ಇದೆಯೋ ಇಲ್ಲವೋ, ಬರವಣಿಗೆಯಲ್ಲೇ ಕೇಳಿ.

ಮೂರನೇದು ದುಡ್ಡು ಕೊಟ್ಟು ಹೋಗೋದು. ಇಲ್ಲಿ ಹುಷಾರು. ಹತ್ತು ದಿನ, ನಾಲ್ಕು ಊರು, ಒಂದು ಕ್ಯಾಂಪಸ್ಸಿನ ಗೇಟಿನ ಮುಂದೆ ಫೋಟೋ, ಕೊನೆಗೆ ಬಣ್ಣದ ಸರ್ಟಿಫಿಕೇಟು. ನಮ್ಮ ಕಡೆ ಒಬ್ಬ ಅಪ್ಪ ಇಂಥದ್ದಕ್ಕೆ ದ್ರಾಕ್ಷಿ ಫಸಲಿನ ದುಡ್ಡಿನ ಜೊತೆ ಬಡ್ಡಿ ಸಾಲವನ್ನೂ ಸೇರಿಸಿ ಏಜೆಂಟನ ಕೈಗೆ ಕೊಟ್ಟರು. ಹುಡುಗ ಹೋಗಿದ್ದೂ ಹೌದು, ಬಂದಿದ್ದೂ ಹೌದು. ಅಲ್ಲಿ ಒಂದು ತರಗತಿಯಲ್ಲೂ ಕೂರಲಿಲ್ಲ. ಸಾಲ ಮಾತ್ರ ಉಳೀತು. ನಮ್ಮ ಮಾತು ನೇರ: ಸ್ವಲ್ಪ ದಿನದ ಓದಿಗೆ ಬಡ್ಡಿ ಸಾಲ ಮಾಡಬೇಡಿ, ಹೊಲ ಅಡ ಇಡಬೇಡಿ. ಎರಡು ತಿಂಗಳ ಕೋರ್ಸು ಕೆಲಸ ಕೊಡಲ್ಲ, ಅಲ್ಲೇ ಉಳಿಯೋ ಪರವಾನಗಿನೂ ಕೊಡಲ್ಲ. ಹಾಗಂತ ಯಾರಾದರೂ ಹೇಳಿದರೆ ಸುಳ್ಳು ಹೇಳ್ತಿದ್ದಾರೆ ಅಂತಲೇ ತಿಳ್ಕೊಳ್ಳಿ. ಅದು ಕೊಡೋದು ಬೇರೆ: ಹೊಸ ಲ್ಯಾಬು, ಹೊಸ ಗುರುಗಳು, ಒಬ್ಬರೇ ನಿಂತು ಬದುಕಬಲ್ಲೆವು ಅನ್ನೋ ಧೈರ್ಯ.

ಕಾಗದಪತ್ರದ ಮಾತು. ಆಯ್ಕೆ ಆದ ಮೇಲೆ ಪಾಸ್‌ಪೋರ್ಟ್ ಮಾಡಿಸ್ತೀನಿ ಅಂತ ಕಾಯಬೇಡಿ, ಈಗಲೇ ಮಾಡಿಸಿ. ನಮ್ಮ ಪಾಸ್‌ಪೋರ್ಟ್ ಕಚೇರಿ ಮದುರೆಯಲ್ಲಿದೆ, ಸಾಮಾನ್ಯ 36 ಪುಟದ ಪಾಸ್‌ಪೋರ್ಟಿಗೆ ಶುಲ್ಕ 1,500 ರೂಪಾಯಿ. ಬೋಡಿಗೆ 2023ರ ಜೂನ್‌ನಲ್ಲಿ ರೈಲು ಮತ್ತೆ ಬಂತು. ಕಂಬಂನವರು ಇವತ್ತಿಗೂ ಬಸ್ಸೇ ಹತ್ತಬೇಕು, ಒಂದು ದಿನ ಅದಕ್ಕೇ ಇಟ್ಟುಕೊಳ್ಳಿ. ಇನ್ನೊಂದು, ನಮ್ಮಲ್ಲಿ ಮನೆತನದ ಹೆಸರು ಬರೆಯಲ್ಲ, ಅಪ್ಪನ ಹೆಸರಿನ ಇನಿಷಿಯಲ್ ಮಾತ್ರ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಪೂರ್ತಿ ಹೆಸರು ಬರುತ್ತೆ. ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು ಹೊಂದುತ್ತಾ ಅಂತ ಮೊದಲೇ ನೋಡಿ, ವೀಸಾ ಸಮಯದಲ್ಲಿ ಒದ್ದಾಡಬೇಡಿ. ಜರ್ಮನಿ, ಫ್ರಾನ್ಸ್ ಸೇರಿದ ಷೆಂಗೆನ್ ದೇಶಗಳ ಕಿರು ವೀಸಾದಲ್ಲಿ 180 ದಿನದೊಳಗೆ 90 ದಿನ ಮಾತ್ರ ಇರಬಹುದು, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕೇ ಬೇಕು.

ಮನೆಯಲ್ಲಿ ಹೆಣ್ಣುಮಕ್ಕಳನ್ನ ಕಳಿಸಲ್ಲ ಅನ್ನೋ ಮಾತು ಬಂದೇ ಬರುತ್ತೆ. ಅಜ್ಜಿ, ದೊಡ್ಡಪ್ಪಂದಿರ ಜೊತೆ ಜಗಳ ಬೇಡ. ಅವರದೇ ಕನ್ನಡದಲ್ಲಿ ಕೂತು ಹೇಳಿ: ಎಲ್ಲಿ ಇರ್ತೀನಿ, ಯಾರ ಜೊತೆ ಇರ್ತೀನಿ, ಎಷ್ಟು ದಿನಕ್ಕೆ ಬರ್ತೀನಿ. ಮೂಡಣದ ಹೊಲದಲ್ಲಿ ಬೆಳಗಾದರೆ ಬೆಟ್ಟದಾಚೆ ಕೂಲಿಗೆ ಕಳಿಸೋಕೆ ಹೆದರದ ಮನೆ ಓದಿಗೆ ಕಳಿಸೋಕೆ ಹೆದರಬಾರದು. ನಮ್ಮ ಹಿರಿಯರೂ ಎಲ್ಲಿಂದಲೋ ದನ ಹೊಡ್ಕೊಂಡು, ಮಗ್ಗ ಹೊತ್ಕೊಂಡು ಇಲ್ಲಿಗೆ ಬಂದವರೇ ಅಲ್ವಾ?

ಹೋದ ಮೇಲೆ ಕ್ಲಾಸು, ಲ್ಯಾಬಿನ ಜೊತೆ ಇನ್ನೊಂದು ಕೆಲಸ ಮಾಡಿ. ಅಲ್ಲಿನ ನಮ್ಮಂಥವರನ್ನ ಹುಡುಕಿ. ಬ್ರಿಟನ್ನಿಗೆ ಹೋದರೆ ಒಂದು ಭಾನುವಾರ ವೇಲ್ಸ್ ಕಡೆ ಹೋಗಿ ಬನ್ನಿ. ರಸ್ತೆ ಬೋರ್ಡು ಎರಡು ಭಾಷೆಯಲ್ಲಿ ಇರುತ್ತೆ, ವೆಲ್ಷ್ ಮತ್ತು ಇಂಗ್ಲಿಷ್. ಇಂಗ್ಲಿಷಿನ ಮಡಿಲಲ್ಲೇ ಕೂತ ಆ ಭಾಷೆಗೆ 2011ರ ಕಾನೂನು ಅಧಿಕೃತ ಸ್ಥಾನ ಕೊಟ್ಟಿತು. 2050ರ ಹೊತ್ತಿಗೆ ವೆಲ್ಷ್ ಆಡುವವರು ಹತ್ತು ಲಕ್ಷ ಆಗಬೇಕು ಅಂತ ಅಲ್ಲಿನ ಸರ್ಕಾರವೇ ಗುರಿ ಇಟ್ಟಿದೆ. ಜರ್ಮನಿಯಲ್ಲಿ ಬೌಟ್ಸೆನ್ ಪಟ್ಟಣದ ಕಡೆ ಸೋರ್ಬಿಯನ್ ಅನ್ನೋ ಪುಟ್ಟ ಭಾಷೆ ಇದೆ, ಸುತ್ತ ಎಲ್ಲಾ ಜರ್ಮನ್. ಅಲ್ಲೂ ಬೋರ್ಡು ಎರಡು ಭಾಷೆಯದು. ಅಲ್ಲಿನ ಹುಡುಗರನ್ನ ಕೇಳಿ: ಮಕ್ಕಳಿಗೆ ಹೇಗೆ ಕಲಿಸ್ತೀರಿ, ಅಜ್ಜಿ ತೀರಿಹೋದ ಮೇಲೆ ಮನೆಯಲ್ಲಿ ಯಾರು ಮಾತಾಡ್ತಾರೆ? ಅವರು ನಿಮ್ಮನ್ನೂ ಅದೇ ಕೇಳ್ತಾರೆ. ಆಗ ಹೇಳೋಕೆ ನಿಮ್ಮ ಹತ್ರ ಉತ್ತರ ಇರಬೇಕು.

ಅದಕ್ಕೇ ಹೊರಡೋ ಮೊದಲು ಅಕ್ಷರ ಕಲಿಯಿರಿ. ಈ ಪೋಸ್ಟ್ ಬರೀತಿರೋ ನಮ್ಮಲ್ಲಿ ಕೆಲವರು ಅಕ್ಷರ ಕಲಿತದ್ದು ಕಾಲೇಜು ಮುಗಿದ ಮೇಲೆ. ಕಷ್ಟ ಇಲ್ಲ. ತಮಿಳು ಓದೋಕೆ ಬರೋರಿಗೆ ಸ್ವರ, ಕಾಗುಣಿತ ಅನ್ನೋ ಲೆಕ್ಕ ಆಗಲೇ ಗೊತ್ತು. ತಮಿಳಿನಲ್ಲಿ ಒಂದೇ ಅಕ್ಷರದಲ್ಲಿ ಬರೆಯೋ ಕ, ಗ ಇಲ್ಲಿ ಬೇರೆ ಬೇರೆ, ಮಹಾಪ್ರಾಣಗಳು ಹೊಸವು, ಒತ್ತಕ್ಷರ ಸ್ವಲ್ಪ ಕಾಡುತ್ತೆ. ಅಷ್ಟೇ. ಅಮೆರಿಕದ ಹುಡುಗಿ ಭಾಷೆಯನ್ನೂ ಅಕ್ಷರವನ್ನೂ ಒಟ್ಟಿಗೆ ಕಲೀಬೇಕು. ನಿಮಗೆ ಭಾಷೆ ಆಗಲೇ ಇದೆ. ದಿನಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಿ. ವೀಸಾ ಬರೋದರೊಳಗೆ ಅವ್ವನ ಹೆಸರನ್ನ ಕನ್ನಡದಲ್ಲಿ ಬರೀತೀರಿ.

"ನಮ್ಮ ಮನೆ ಕನ್ನಡ ಸರಿ ಇಲ್ಲ, ತಮಿಳು ಬೆರೆತಿದೆ, ಬೆಂಗಳೂರಿನವರು ನಗ್ತಾರೆ" ಅಂತ ಕೆಲವರು ಹೇಳ್ತಾರೆ. ನಗಲಿ ಬಿಡಿ. ಮಂಗಳೂರಿನವರ ಕನ್ನಡ ಕೇಳಿ ಬೇರೆ ಕಡೆಯವರು ನಗ್ತಾರೆ, ಧಾರವಾಡದ ಕನ್ನಡ ಕೇಳಿ ಮೈಸೂರಿನವರು ತಬ್ಬಿಬ್ಬಾಗ್ತಾರೆ. ನಮ್ಮದು ಕಂಬಂ ಕನ್ನಡ. ತಮಿಳಿನ ನೆರಳಲ್ಲಿ ಬೆಳೆದರೂ ಬದುಕಿದೆ.

ಕರ್ನಾಟಕದವರಿಗೂ ಒಂದು ಮಾತು. ವಿದೇಶಿ ವಿದ್ಯಾರ್ಥಿಗಳಿಗೆ ಮೈಸೂರಿನಲ್ಲಿ ಕನ್ನಡ ಕಲಿಸೋದು ನಮಗೆ ಸಂತೋಷವೇ. ಅದೇ ಮಾದರಿಯಲ್ಲಿ ಹೊರನಾಡ ಕಾಲೇಜು ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಆರು ವಾರದ ಓದು ಬೇಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಂಥ ಕಡೆ ಗುರುಗಳೂ ಇದ್ದಾರೆ, ಜಾಗವೂ ಇದೆ. ವಾಸದ ಪ್ರಮಾಣಪತ್ರ ಕೇಳಬೇಡಿ, ಮನೆಯಲ್ಲಿ ಯಾವ ಮಾತು ಅಂತ ಕೇಳಿ. ನವೆಂಬರ್ ಒಂದರಂದು ನಮ್ಮನ್ನ ವೇದಿಕೆಗೆ ಕರೆದು ಶಾಲು ಹೊದಿಸೋದಕ್ಕಿಂತ ಅದು ದೊಡ್ಡ ಉಪಕಾರ.

ಆ ತಂಗಿಯ ಕಥೆ ಹೇಳಿ ಮುಗಿಸ್ತೀವಿ. ತುಂಬಾ ಹೊತ್ತು ಸ್ಕ್ರೀನ್ ನೋಡ್ತಾ ಕೂತಳು. ಆಮೇಲೆ 'ತಮಿಳು' ಅಳಿಸಿ ತಾಯಿನುಡಿ 'ಕನ್ನಡ' ಅಂತ ಹಾಕಿದಳು. ಭಾಷೆಗಳ ಪಟ್ಟಿಯಲ್ಲಿ ತಮಿಳಿಗೆ ಮೂರು ಟಿಕ್, ಇಂಗ್ಲಿಷಿಗೆ ಮೂರು ಟಿಕ್, ಕನ್ನಡಕ್ಕೆ ಒಂದೇ ಟಿಕ್. ಆ ಸಲ ಅವಳಿಗೆ ಸೀಟು ಸಿಗಲಿಲ್ಲ. ಈ ವರ್ಷ ಮತ್ತೆ ಹಾಕ್ತಿದ್ದಾಳೆ. ಕನ್ನಡದ ಮುಂದೆ ಈಗ ಎರಡು ಟಿಕ್.

ನೀವೂ ಹಾಕಿ. ಗೊತ್ತಾಗದಿದ್ದರೆ ಪೇಜಿಗೆ ಮೆಸೇಜ್ ಮಾಡಿ, ಫಾರ್ಮ್ ಒಟ್ಟಿಗೆ ಕೂತು ತುಂಬೋಣ.

ಇನ್ನೊಂದು ಕೋರಿಕೆ. ನಮ್ಮ ಕಡೆಯವರಿಗೆ ಈ ಪೋಸ್ಟ್ ಬರೀ ಶೇರ್ ಮಾಡಿದರೆ ಸಾಲದು, ಬಹಳಷ್ಟು ಜನಕ್ಕೆ ಓದೋಕೆ ಬರಲ್ಲ. ಜೋರಾಗಿ ಓದಿ, ವಾಯ್ಸ್ ನೋಟ್ ಮಾಡಿ ಕಳಿಸಿ. ಕೇಳಿದರೆ ಅವರಿಗೆ ಎಲ್ಲಾ ಅರ್ಥ ಆಗುತ್ತೆ.